ಮನೆಯನ್ನು ಮಹಾಮನೆಯಾಗಿಸಿದ ತಾಯಿ



ಕೃಷ್ಣೆ ಘಟಪ್ರಭೆಗಳ ನಡುವಣ ನಮ್ಮ ಈ ಸೀಮೆಯಲ್ಲಿ, ಚಿಮ್ಮಡವಿರಲಿ, ರಬಕವಿ ಬನಹಟ್ಟಿಗಳಿರಲಿ, ಮುಧೋಳ ಜಮಖಂಡಿಗಳ ಕಡೆಯ ಹಳ್ಳಿಗಳಿರಲಿ, ಹಿರಿಯ ತಾಯಿಯೊಬ್ಬಳು ಲಿಂಗೈಕ್ಯಳಾದಳೆಂದರೆ ಓಣಿಯ ಜನವೆಲ್ಲ ನೆರೆದು ಭಜನೆ ಮಾಡುತ್ತದೆ. ಮುಂದೆ ಮನೆಯವರು ಸ್ಮರಣೋತ್ಸವವನ್ನು ಏರ್ಪಡಿಸಿ, ಭಾವಚಿತ್ರಕ್ಕೆ ಹಾರ ಹಾಕಿ, ಜಂಗಮರನ್ನು ಬರಮಾಡಿಕೊಂಡು, ಬಂದವರಿಗೆ ಪ್ರಸಾದ ಮಾಡಿಸುತ್ತಾರೆ. ಅಂದು ಎಲ್ಲರ ಬಾಯಲ್ಲಿಯೂ ಬರುವ ಮಾತು ಒಂದೇ: “ಆ ತಾಯಿ ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವಳಲ್ಲ, ತಾನು ಉಣ್ಣದಿದ್ದರೂ ಮಂದಿಗೆ ಉಣಿಸಿದಳು.”

ಈ ಮಾತಿನಲ್ಲಿ ಎರಡು ಭಾಗಗಳಿವೆ. ಬಂದವರನ್ನು ಹಸಿದು ಕಳಿಸಲಿಲ್ಲವೆಂಬುದು ಮೊದಲನೆಯ ಭಾಗ. ಅದು ಶರಣಧರ್ಮದ ತಿರುಳು. ತಾನು ಉಣ್ಣದೆ ಉಣಿಸಿದಳೆಂಬುದು ಎರಡನೆಯ ಭಾಗ. ಅದನ್ನು ನಾವು ಹಾಗೆಯೇ ಹೊಗಳಿ ಮುಂದೆ ಸಾಗಬಹುದೇ ಎಂಬುದನ್ನು ವಿಚಾರಿಸಬೇಕಾಗಿದೆ. ವಚನಕಾರರ ಬೆಳಕಿನಲ್ಲಿ ಈ ಎರಡನ್ನೂ ನೋಡುವುದೇ ಇಂದಿನ ಚಿಂತನೆಯ ಉದ್ದೇಶ.

ರಾಜರ ವಿಜಯಗಳಿಗೆ ಶಾಸನಗಳುಂಟು. ದಾನಿಗಳ ಹೆಸರಿಗೆ ಕಲ್ಲಿನ ಫಲಕಗಳುಂಟು. ಆದರೆ ಬೆಳಗಿನ ಜಾವಕ್ಕೆ ಎದ್ದು ಅಂಗಳ ಸಾರಿಸಿ, ಒಲೆ ಹಚ್ಚಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟಿ, ಮಕ್ಕಳ ಮೈ ತೊಳೆದು, ಹಿರಿಯರ ಔಷಧವನ್ನು ಮರೆಯದೆ ಕೊಟ್ಟು, ಸಂಜೆಗೆ ಮತ್ತೆ ಅದೇ ಒಲೆಯ ಮುಂದೆ ಕುಳಿತ ತಾಯಿಯ ಐವತ್ತು ವರುಷಗಳಿಗೆ ಯಾವ ಶಾಸನವಿದೆ? ಆಕೆ ಮಾಡಿದ ರೊಟ್ಟಿ ಅಂದಂದಿಗೇ ಮುಗಿಯಿತು. ಆಕೆ ಸಾರಿಸಿದ ಅಂಗಳ ಮರುದಿನವೇ ಧೂಳಾಯಿತು. ಕಣ್ಣಿಗೆ ಉಳಿಯದ ಕೆಲಸವನ್ನು ಲೋಕವು ಕೆಲಸವೆಂದು ಎಣಿಸುವುದಿಲ್ಲ. ನಮ್ಮ ರಬಕವಿ ಬನಹಟ್ಟಿಗಳ ನೇಕಾರರ ಮನೆಗಳನ್ನೇ ನೋಡಿರಿ. ಸೀರೆಯನ್ನು ಕಂಡವರು ನೇಯ್ದವನನ್ನು ಮೆಚ್ಚುತ್ತಾರೆ. ಆ ಸೀರೆಗೆ ಕಂಡಿಕೆ ಸುತ್ತಿಕೊಟ್ಟ ಕೈಗಳನ್ನು ನೆನೆಯುವವರು ವಿರಳ. ಕಂಡಿಕೆಯಿಲ್ಲದೆ ಲಾಳಿ ಓಡೀತೇ?

ಹನ್ನೆರಡನೆಯ ಶತಮಾನದ ಕಲ್ಯಾಣವು ಈ ಕೈಗಳನ್ನು ನೆನೆಯಿತು. ಆ ಕಾಲದ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ವಚನಗಳು ನಮಗೆ ದೊರೆತಿವೆ. ಅವರಲ್ಲಿ ಕೆಲವರ ಹೆಸರುಗಳನ್ನು ಕೇಳಿದರೆ ಸಾಕು, ಮನೆವಾರ್ತೆಯ ಸದ್ದು ಕಿವಿಗೆ ಬೀಳುತ್ತದೆ. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟಿದವಳು. ಕದಿರ ರೆಮ್ಮವ್ವೆ ನೂಲು ತೆಗೆದವಳು. ಸತ್ಯಕ್ಕ ಶಿವಭಕ್ತರ ಅಂಗಳ ಗುಡಿಸಿದವಳು. ಒನಕೆ, ಕದಿರು, ಕಸಬರಿಗೆ ಇವೇ ಅವರ ಪೂಜೆಯ ಉಪಕರಣಗಳು. ದಾರಿಯಲ್ಲಿ ಬಿದ್ದ ಬಂಗಾರವನ್ನಾಗಲಿ ಬಟ್ಟೆಯನ್ನಾಗಲಿ ತಾನು ಮುಟ್ಟಲಾರೆನೆಂದು ಆಣೆಯಿಟ್ಟು ನುಡಿದ ಸತ್ಯಕ್ಕನ ವಚನವನ್ನು ಓದಿದವರಿಗೆ, ಕಸ ಗುಡಿಸುವ ಕೈ ಎಷ್ಟು ನಿರ್ಮಲವಾಗಿರಬಲ್ಲದೆಂಬುದು ತಿಳಿಯುತ್ತದೆ. ಮನೆಯ ಕೆಲಸವು ಕಾಯಕವಲ್ಲವೆಂದು ಹೇಳುವವರಿಗೆ ಈ ತಾಯಂದಿರ ಹೆಸರುಗಳೇ ಉತ್ತರ.

ಇನ್ನು ಗೃಹಿಣಿಯ ಧರ್ಮವೇನೆಂಬುದನ್ನು ಪೂರ್ಣವಾಗಿ ತೋರಿಸಿಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರದಿಂದ ಆಕೆಯೂ ಪತಿ ಮಾರಯ್ಯನೂ ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮ ದಾಸೋಹ ನಡೆಸುವುದು ದಂಪತಿಗಳ ವ್ರತ. ಒಂದು ದಿನ ಮಾರಯ್ಯ ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಕಾಯಕದ ಹೊತ್ತು ಮೀರಿತೆಂದು ಎಚ್ಚರಗೊಂಡು ಅವಸರದಿಂದ ಹೋಗಿ, ಅಂದು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಕಟ್ಟಿ ತಂದನು. ಲಕ್ಕಮ್ಮನ ಕೈಗೆ ಆ ಗಂಟು ಬಂದೊಡನೆ ಅದರ ಭಾರವೇ ಆಕೆಗೆ ಎಲ್ಲವನ್ನೂ ಹೇಳಿತು. ನಿತ್ಯದ ಅಳತೆಗಿಂತ ಇದು ಮಿಗಿಲಾಗಿದೆ. ಮಿಗಿಲಾದುದು ಆಸೆಯಿಂದ ಬಂದದ್ದು. ಆಸೆಯಿಂದ ಬಂದದ್ದು ದಾಸೋಹಕ್ಕೆ ಸಲ್ಲದು. ಆದುದರಿಂದ ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಪತಿಯನ್ನು ಹಿಂದಕ್ಕೆ ಕಳಿಸಿದಳು. ಮಾರಯ್ಯ ಹೋಗಿ ಸುರಿದು ಬಂದನು.

ಸದ್ಭಕ್ತರೇ, ಈ ಕಥೆಯನ್ನು ನಾವು ಬಹಳ ಸಲ ಕೇಳಿದ್ದೇವೆ. ಆದರೆ ಇದರಲ್ಲಿ ಗೃಹಿಣಿಯ ಸ್ಥಾನವನ್ನು ಗಮನಿಸಿದವರು ಕಡಿಮೆ. ಮಾರಯ್ಯ ಕುಳಿತದ್ದು ಅನುಭವಗೋಷ್ಠಿಯಲ್ಲಿ. ಲಕ್ಕಮ್ಮ ಇದ್ದದ್ದು ಒಲೆಯ ಹತ್ತಿರ. ಆದರೂ ಆ ದಿನ ಅನುಭಾವ ಬೆಳಗಿದ್ದು ಒಲೆಯ ಹತ್ತಿರ. ಮನೆಯೊಳಗೆ ಬರುವ ಪ್ರತಿಯೊಂದು ಕಾಳಿಗೂ ದ್ವಾರಪಾಲಕಳಾಗಿ ನಿಂತವಳು ಗೃಹಿಣಿ. ಗಂಡ ತಂದದ್ದನ್ನು, ಮಗ ತಂದದ್ದನ್ನು ಮಡಿಲಲ್ಲಿ ಕಟ್ಟಿಕೊಳ್ಳುವ ಮೊದಲು, “ಇದು ಎಲ್ಲಿಂದ ಬಂತು? ಹೇಗೆ ಬಂತು? ಎಷ್ಟು ಬೇಕು?” ಎಂದು ಕೇಳುವ ಅಧಿಕಾರ ಆಕೆಯದು. ತೂಕದಲ್ಲಿ ಮೋಸ ಮಾಡಿ ತಂದ ಹಣ, ಲಂಚದಿಂದ ಬಂದ ಹಣ, ಸೊಸೆಯ ತವರನ್ನು ಹಿಂಡಿ ತಂದ ಹಣ, ಇವು ಹೊಸ್ತಿಲು ದಾಟುವಾಗ ಮನೆಯ ತಾಯಿ “ಒಲ್ಲೆ” ಎಂದರೆ ಆ ಮನೆ ಉಳಿಯಿತು. ಇಂಥ ಮಾತನ್ನು ಆಡಿದ ತಾಯಂದಿರು ನಮ್ಮ ಊರೂರಲ್ಲಿ ಇದ್ದಾರೆ. ಕಣದಲ್ಲಿ ಪಾಲುಗಾರನ ರಾಶಿಗೆ ಒಂದು ಬೊಗಸೆ ಕಡಿಮೆಯಾದರೆ ತಾವೇ ಎದ್ದು ಹಾಕಿಸಿದವರು ಅವರು. ಅವರನ್ನು ಬರಿಯ ಉಣಿಸಿದವರೆಂದು ನೆನೆದರೆ ಅರ್ಧ ನೆನೆದಂತೆ. ಅವರು ಮನೆಯ ಆಚಾರವನ್ನು ಕಾಯ್ದವರೆಂದೂ ನೆನೆಯಬೇಕು.

ಇಷ್ಟು ಮೊದಲನೆಯ ಭಾಗವಾಯಿತು. ಈಗ ಎರಡನೆಯದಕ್ಕೆ ಬರೋಣ: “ತಾನು ಉಣ್ಣದೆ ಉಣಿಸಿದಳು.”

ಬರಗಾಲದಲ್ಲಿ, ಬಡತನದಲ್ಲಿ, ತನ್ನ ಪಾಲಿನ ರೊಟ್ಟಿಯನ್ನು ಮಗುವಿನ ತಾಟಿಗೆ ಹಾಕಿದ ತಾಯಿಯ ಪ್ರೇಮಕ್ಕೆ ನಾವು ತಲೆಬಾಗಲೇಬೇಕು. ಆದರೆ ಹಗೇವು ತುಂಬಿದ ಮನೆಯಲ್ಲಿಯೂ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ತಾಯಿಗೆ ಎಂಬುದು ಪದ್ಧತಿಯಾದರೆ, ಅದು ಪ್ರೇಮವಲ್ಲ, ಮನೆಯವರ ಅಲಕ್ಷ್ಯ. ಲಕ್ಕಮ್ಮನನ್ನು ಶರಣರು ಹೊಗಳಿದ್ದು ಆಕೆ ಹಸಿದಿದ್ದಳೆಂದಲ್ಲ, ಆಕೆ ತೃಪ್ತಳಾಗಿದ್ದಳೆಂದು. ಬಡತನವು ತನ್ನ ಮನೆಯಲ್ಲಿ ಇಲ್ಲವೆಂದೂ, ಮನಸ್ಸಿನ ಬಡತನವೇ ಬಡತನವೆಂದೂ ತಿಳಿದವಳು ಆಕೆ. ಆಯ್ದ ಹಿಡಿಯಕ್ಕಿಯಿಂದಲೇ ಕಲ್ಯಾಣದ ಜಂಗಮ ಸಮೂಹಕ್ಕೆಲ್ಲ ದಾಸೋಹ ಮಾಡಿದಳೆಂದು ಪರಂಪರೆ ಹೇಳುತ್ತದೆ. ಪ್ರಸಾದವೆಂಬ ನಮ್ಮ ತತ್ತ್ವವನ್ನು ನೋಡಿರಿ. ಲಿಂಗಕ್ಕೆ ಅರ್ಪಿಸಿದ್ದು ಪ್ರಸಾದವಾಯಿತು. ಆ ಪ್ರಸಾದವು ಅಟ್ಟವಳಿಗೆ ಕಡೆಯ ತುತ್ತಾಗಿ, ಕುಳಿತವನಿಗೆ ಮೊದಲ ತುತ್ತಾಗಬೇಕೆಂಬ ವಿಧಿಯನ್ನು ಯಾವ ಶರಣರು ಮಾಡಿದ್ದಾರೆ? ಅಟ್ಟವಳ ಎದೆಯ ಮೇಲೆಯೂ ಲಿಂಗವಿದೆ. ಆಕೆ ಉಪವಾಸವಿದ್ದರೆ ಆ ಲಿಂಗಕ್ಕೂ ಅರ್ಪಿತವಿಲ್ಲ. ತಾಯಿಯ ಹಸಿವನ್ನು ಆಕೆಯ ಗುಣವೆಂದು ಹಾಡುವ ಮನೆಯು ತನ್ನ ಲೋಪವನ್ನು ತಾನೇ ಹಾಡಿಕೊಂಡಂತೆ.

ಸ್ತ್ರೀಗೆ ಲಿಂಗವನ್ನು ಕೊಟ್ಟ ಧರ್ಮ ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಸಾರ್ಥಕವಾದುದೇ ಸರಿ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಕಳೆದರು. ಇವುಗಳಲ್ಲಿ ಜನನ ಮತ್ತು ರಜಸ್ಸಿನ ಸೂತಕಗಳನ್ನು ಕಳೆದದ್ದರಿಂದ ಬಿಡುಗಡೆ ಹೊಂದಿದವಳು ಮುಖ್ಯವಾಗಿ ತಾಯಿ. ಹೆತ್ತ ದಿನವೂ ಆಕೆ ಅಶುಚಿಯಲ್ಲ. ತಿಂಗಳ ದಿನಗಳಲ್ಲಿಯೂ ಇಷ್ಟಲಿಂಗ ಪೂಜೆಗೆ ಆಕೆಗೆ ಅಡ್ಡಿಯಿಲ್ಲ. ಅಷ್ಟೇ ಅಲ್ಲ, ಗರ್ಭದಲ್ಲಿರುವ ಶಿಶುವಿಗಾಗಿ ತಾಯಿಗೇ ಲಿಂಗಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲುಂಟು. ಅಂದರೆ ಮಗುವಿನ ಮೊದಲ ಗುಡಿ ತಾಯಿಯ ದೇಹವೇ. ಇಂತಹ ಧರ್ಮದಲ್ಲಿ ಹುಟ್ಟಿಯೂ, ಬೆಳಗಿನಿಂದ ರಾತ್ರಿಯವರೆಗೆ ಕೈಗೆ ಬಿಡುವಿಲ್ಲದ್ದರಿಂದ, ಅಂಗೈಯಲ್ಲಿ ಲಿಂಗವನ್ನು ಹಿಡಿದು ಅರ್ಧ ತಾಸು ಕುಳಿತುಕೊಳ್ಳಲು ಆಸ್ಪದವಿಲ್ಲದ ತಾಯಿಯರು ನಮ್ಮಲ್ಲಿ ಎಷ್ಟು ಜನ! ಧರ್ಮ ಕೊಟ್ಟದ್ದನ್ನು ಮನೆ ಕಸಿದುಕೊಳ್ಳಬಾರದು.

ಇದು ಊಹೆಯ ಮಾತಲ್ಲ. ಭಾರತ ಸರಕಾರವು 2019ರಲ್ಲಿ ದೇಶದಾದ್ಯಂತ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಕೂಲಿಯಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕೊಡುತ್ತಾರೆಂದೂ, ಅದರಲ್ಲಿ ಕೈಹಾಕುವ ಗಂಡಸರು 97 ನಿಮಿಷಗಳನ್ನು ಕೊಡುತ್ತಾರೆಂದೂ ಅದರಿಂದ ತಿಳಿದುಬಂದಿತು. ಆ ಕೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿಲ್ಲ! ಸುಮಾರು ಐದು ತಾಸುಗಳ ಈ ದುಡಿಮೆಗೆ ಕೂಲಿಯಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ.

ಇಲ್ಲಿ ಕೆಲವರು ಕೇಳಬಹುದು: “ಮನೆಗೆಲಸವೇ ಕಾಯಕವೆಂದು ನೀವೇ ಹೇಳಿದಿರಿ. ಕಾಯಕದಲ್ಲಿ ನಿರತರಾದವರಿಗೆ ಪೂಜೆಯ ಹಂಗೂ ಇಲ್ಲವೆಂದು ಶರಣರು ಹೇಳಿಲ್ಲವೇ? ಹಾಗಿದ್ದರೆ ಹೆಂಗಸರು ಅದನ್ನೇ ಮಾಡಿಕೊಂಡಿರಲಿ.” ಈ ವಾದ ಕೇಳುವುದಕ್ಕೆ ಸೊಗಸಾಗಿದೆ, ಆದರೆ ಸತ್ಯವಲ್ಲ. ಕಾಯಕವೆಂಬುದು ಮನಸ್ಸೊಪ್ಪಿ ಮಾಡುವ ದುಡಿಮೆ. ಒಬ್ಬರ ಮೇಲೆ ಹೇರಿ, ಇನ್ನೊಬ್ಬರು ಕುಳಿತು ಉಣ್ಣುವುದು ಕಾಯಕದ ವ್ಯವಸ್ಥೆಯಲ್ಲ. ಮಾರಯ್ಯ ಆಯ್ದನು, ಲಕ್ಕಮ್ಮ ಅಟ್ಟಳು. ಇಬ್ಬರೂ ದುಡಿದರು, ಇಬ್ಬರೂ ಅನುಭಾವ ನುಡಿದರು. ಲಕ್ಕಮ್ಮನ ವಚನಗಳು 25 ದೊರೆತಿವೆ. ಒಲೆಯ ಮುಂದೆ ಕುಳಿತವಳಿಗೆ ಚಿಂತಿಸಲು, ನುಡಿಯಲು ಅಲ್ಲಿ ಬಿಡುವಿತ್ತು. ಆಕೆಯ ನುಡಿಯನ್ನು ಕೇಳುವ ಕಿವಿಗಳೂ ಇದ್ದವು. ಈ ಎರಡೂ ಇಲ್ಲದಿದ್ದರೆ ಇಂದು ನಮಗೆ ಲಕ್ಕಮ್ಮನೇ ಇರುತ್ತಿರಲಿಲ್ಲ.

ತಾಯ್ತನದ ಮಾತು ಬಂದಾಗ ಅಕ್ಕನಾಗಮ್ಮನನ್ನು ನೆನೆಯದಿರಲಾಗದು. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ. ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆಂದು ಬಾಲ ಬಸವಣ್ಣ ಜನಿವಾರವನ್ನು ನಿರಾಕರಿಸಿದನೆಂಬ ಐತಿಹ್ಯವು ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಆ ಅಕ್ಕ ತಮ್ಮನೊಡನೆ ಕಲ್ಯಾಣದವರೆಗೆ ನಡೆದಳು. ಮಹಾಮನೆಯ ದಾಸೋಹಕ್ಕೆ ಹೆಗಲು ಕೊಟ್ಟಳು. ಷಟ್‌ಸ್ಥಲ ಶಾಸ್ತ್ರಕ್ಕೆ ಚಕ್ರವರ್ತಿಯೆನಿಸಿದ ಮಗನನ್ನು ಬೆಳೆಸಿದಳು. ಸುಮಾರು 1167ರಲ್ಲಿ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದಾಗ, ಆಕೆ ಮಗನೊಡನೆ ಉಳವಿಯತ್ತ ಸಾಗಿದ ಗಣದಲ್ಲಿದ್ದಳು. ಆಕೆಯ ಗದ್ದುಗೆಯು ಇಂದಿನ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಬಳಿ ಎಣ್ಣೆಹೊಳೆಯ ದಡದಲ್ಲಿದೆ. ಬಸವಣ್ಣನವರ ಮನೆಯ ಇನ್ನಿಬ್ಬರು ಗೃಹಿಣಿಯರಲ್ಲಿ ಗಂಗಾಂಬಿಕೆಯ ನೆಲೆ ಮಲಪ್ರಭೆಯಲ್ಲಿ, ಎಂ. ಕೆ. ಹುಬ್ಬಳ್ಳಿಯ ಬಳಿ, ನೀಲಾಂಬಿಕೆಯ ನೆಲೆ ನಮ್ಮ ಕೃಷ್ಣೆಯ ತೀರದಲ್ಲಿಯೇ, ತಂಗಡಗಿಯಲ್ಲಿ. ಒಂದೇ ಒಲೆಯಲ್ಲಿ ಅಟ್ಟು ಬಡಿಸಿದ ಮೂವರು ತಾಯಂದಿರು ಮೂರು ದಿಕ್ಕಿನಲ್ಲಿ ಲಿಂಗೈಕ್ಯರಾದರು. ಮಹಾಮನೆ ಬಿದ್ದಿತು; ಆದರೆ ಅವರು ಹೋದೆಡೆಗೆಲ್ಲ ಮಹಾಮನೆಯ ಆಚಾರ ಹೋಯಿತು. ಮನೆಯೆಂದರೆ ಗೋಡೆಯಲ್ಲ, ತಾಯಿಯ ನಡೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೇ?

ಆ ನಡೆ ಮನೆಮನೆಗಳಲ್ಲಿ ಉಳಿದುದರಿಂದಲೇ ವಚನಗಳೂ ಉಳಿದವು. ವಚನ ಪಿತಾಮಹರೆನಿಸಿದ ಡಾ. ಫ. ಗು. ಹಳಕಟ್ಟಿಯವರು (1880–1964) ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ಅವರಿಗೆ ತಾಡೋಲೆಯ ವಚನಗಳ ಹುಚ್ಚು ಹಿಡಿಸಿದ ಮನೆಗಳಲ್ಲಿ ನಮ್ಮ ರಬಕವಿಯ ಮನೆಯೂ ಒಂದು. ಮುಂದೆ 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಅಚ್ಚಾಗಿ ಬಂದಿತು. ಶತಮಾನಗಳ ಕಾಲ ಮಠಗಳಲ್ಲಿ ಮಾತ್ರವಲ್ಲ, ಗೃಹಸ್ಥರ ಮನೆಗಳ ಜಗಲಿಗಳ ಮೇಲೆಯೂ ಬಟ್ಟೆಯಲ್ಲಿ ಸುತ್ತಿದ ಆ ಕಟ್ಟುಗಳಿದ್ದವು. ಆ ಜಗಲಿಯನ್ನು ಸಾರಿಸಿ, ದೀಪ ಹಚ್ಚಿ, ವಿಭೂತಿ ಧರಿಸಿ ನಮಿಸಿದವರಲ್ಲಿ ಎಷ್ಟೋ ಮಂದಿ ಅಕ್ಷರವರಿಯದ ತಾಯಂದಿರು. ಓದಲಾಗದ್ದನ್ನೂ ಅವರು ಕಾಯ್ದರು. ಓದಬಲ್ಲ ನಾವು ಅದನ್ನು ಎಷ್ಟು ಕಾಯುತ್ತಿದ್ದೇವೆಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಇನ್ನು ಕಡೆಯ ಪ್ರಶ್ನೆ. ಲಿಂಗೈಕ್ಯಳಾದ ತಾಯಿ ಎಲ್ಲಿಗೆ ಹೋದಳು? ದುಃಖದಲ್ಲಿರುವ ಮಕ್ಕಳು ಕೇಳುವ ಪ್ರಶ್ನೆಯಿದು. ಇದಕ್ಕೂ ಉತ್ತರ ಕೊಟ್ಟವಳು ಒಬ್ಬ ಗೃಹಿಣಿಯೇ. ಕಟ್ಟಿಗೆಯ ಹೊರೆ ಮಾರಿ ದಾಸೋಹ ಮಾಡುತ್ತಿದ್ದ ಮೋಳಿಗೆಯ ಮಾರಯ್ಯನು ತನಗೆ ಬಯಲಾಗುವ ಹೊತ್ತು ಬಂದಿತೆಂದು, ಲಿಂಗದಲ್ಲಿ ಐಕ್ಯನಾಗುವೆನೆಂದು ನುಡಿದಾಗ, ಸತಿ ಮಹಾದೇವಿಯು ಆತನನ್ನು ತಡೆದಳು. ಹೋಗುವುದಕ್ಕೆ ಬೇರೊಂದು ಎಡೆಯುಂಟೇ, ಕಾಯಕವೂ ದಾಸೋಹವೂ ನಡೆಯುವ ಈ ಎಡೆಯನ್ನು ಬಿಟ್ಟು ಕೈಲಾಸವೆಂಬ ಮತ್ತೊಂದು ಊರಿದೆಯೆಂದು ಭ್ರಮಿಸುವುದು ಸರಿಯೇ ಎಂಬುದು ಆಕೆಯ ನಿಲುವು. ಪತಿಯು ಆ ಮಾತಿನಿಂದ ಎಚ್ಚೆತ್ತನು. ಸುಮಾರು 70 ವಚನಗಳಲ್ಲಿ ಆ ತಾಯಿಯ ಅನುಭಾವ ನಮಗೆ ಉಳಿದಿದೆ.

ಆಕೆಯ ಮಾತನ್ನು ಒಪ್ಪಿದರೆ, ಅಗಲಿದ ತಾಯಿಯನ್ನು ನಾವು ದೂರದ ಲೋಕದಲ್ಲಿ ಹುಡುಕಬೇಕಾಗಿಲ್ಲ. ಆಕೆಗೆ ಅಲ್ಲಿ ಅನ್ನವಿದೆಯೋ ಇಲ್ಲವೋ ಎಂದು ತಿಥಿ ನೋಡಿ ಪಿಂಡವಿಡಬೇಕಾಗಿಲ್ಲ. ಆಕೆ ನಡೆಸಿದ ಆಚಾರ ಎಲ್ಲಿ ನಡೆಯುತ್ತದೆಯೋ ಅಲ್ಲಿ ಆಕೆಯಿದ್ದಾಳೆ. ಎಲ್ಲಿ ನಿಂತಿತೋ ಅಲ್ಲಿ ಆಕೆಯಿಲ್ಲ. ಭಾವಚಿತ್ರಕ್ಕೆ ಹಾಕಿದ ಹಾರ ಮೂರು ದಿನಕ್ಕೆ ಒಣಗುತ್ತದೆ. ಆಕೆಯ ಆಚಾರವನ್ನು ಹಿಡಿದರೆ ಅದು ಮೊಮ್ಮಕ್ಕಳವರೆಗೆ ಹಸಿರಾಗಿರುತ್ತದೆ.

ಈಗ ಗೃಹಸ್ಥರಿಗೆ ಒಂದು ಕಠಿಣ ಮಾತನ್ನು ಹೇಳಬೇಕಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಿರಿ. ತಾಯಿಯ ಸ್ಮರಣೋತ್ಸವ ಮುಗಿದ ಮರುದಿನವೇ ಹೆಣ್ಣುಮಕ್ಕಳನ್ನು ಕೂಡಿಸಿ, “ತವರು ಬೇಕೋ, ಪಾಲು ಬೇಕೋ?” ಎಂದು ಕೇಳಿ, ಕಣ್ಣೀರು ಹಾಕಿಸಿ ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳಿವೆ. ವಾರಸಿಕೆಯ 1956ರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟು ಒಳಗೊಂಡಿದೆ. ಅದರಂತೆ ಉಯಿಲಿಲ್ಲದೆ ತೀರಿದ ಮಗನ ಆಸ್ತಿಯಲ್ಲಿ ತಾಯಿಯು ಮೊದಲ ವರ್ಗದ ವಾರಸುದಾರಳು. 2005ರ ತಿದ್ದುಪಡಿಯಂತೆ ಮಗಳು ಪಿತ್ರಾರ್ಜಿತದಲ್ಲಿ ಮಗನ ಸಮಾನಳು. ಸರಕಾರದ ಕಾಯಿದೆ 1956ರಲ್ಲಿ, 2005ರಲ್ಲಿ ಹೇಳಿದ್ದಕ್ಕೆ ಬುನಾದಿಯಾದ ಸಮತೆಯನ್ನು ಶರಣರು ಎಂಟು ನೂರು ವರುಷಗಳ ಹಿಂದೆಯೇ ನುಡಿದಿದ್ದರು. ಮಗಳು ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಹೆದರಿಸಿ ಬಿಡಿಸಿಕೊಂಡದ್ದು, ಲಕ್ಕಮ್ಮ ಮರಳಿ ಸುರಿಸಿದ ಆ ಹೆಚ್ಚಿನ ಅಕ್ಕಿಯಂತೆ, ದಾಸೋಹಕ್ಕೆ ಸಲ್ಲದು. ಅಂಥ ಹಣದಿಂದ ತಾಯಿಯ ಹೆಸರಿನಲ್ಲಿ ಎಷ್ಟು ಸಾವಿರ ಜನರಿಗೆ ಉಣಿಸಿದರೂ ತಾಯಿ ಮೆಚ್ಚಲಾರಳು.

ಹಾಗಾದರೆ ಸ್ಮರಣೆ ಹೇಗಿರಬೇಕು? ದೊಡ್ಡ ಖರ್ಚಿನದಾಗಬೇಕಿಲ್ಲ. ತಾಯಿ ಆಡುತ್ತಿದ್ದ ಬುದ್ಧಿಮಾತುಗಳನ್ನು, ಹಾಡುತ್ತಿದ್ದ ಹಾಡುಗಳನ್ನು, ಮಾಡುತ್ತಿದ್ದ ಮನೆಮದ್ದುಗಳನ್ನು ಮಕ್ಕಳು ಒಂದು ವಹಿಯಲ್ಲಿ ಬರೆದಿಡಲಿ. ಶಾಸನವಿಲ್ಲದ ಬಾಳಿಗೆ ಅದೇ ಶಾಸನ. ಮನೆಯಲ್ಲಿ ಈಗ ಇರುವ ತಾಯಿಗೆ, ಹೆಂಡತಿಗೆ, ಸೊಸೆಗೆ ಪ್ರತಿದಿನ ಲಿಂಗಪೂಜೆಗೆ ಕುಳಿತುಕೊಳ್ಳಲು ಹೊತ್ತಾಗುವಂತೆ ಗಂಡುಮಕ್ಕಳು ಕೆಲಸಕ್ಕೆ ಕೈ ಹಚ್ಚಲಿ. ನೀರು ತುಂಬಿದರೆ, ತಾಟು ತೊಳೆದರೆ ಕೈ ಸವೆಯುವುದಿಲ್ಲ. ದಿನಕ್ಕೆ ಒಂದು ಹೊತ್ತಾದರೂ ಅಟ್ಟವಳನ್ನು ಕೂಡಿಸಿಕೊಂಡು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿರಿ. ಚಿಮ್ಮಡದಲ್ಲಿ ಪ್ರಭುಲಿಂಗೇಶ್ವರನ ಜಾತ್ರೆಗೆ ನೆರೆದು ಸಾಲಾಗಿ ಕುಳಿತು ಉಣ್ಣುವ ಜನರಿಗೆ ಇದನ್ನು ಕಲಿಸಬೇಕಾಗಿಲ್ಲ. ಜಾತ್ರೆಯ ಆ ಪಂಕ್ತಿಯನ್ನು ಮನೆಯ ಅಡಿಗೆಮನೆಗೆ ತಂದರೆ ಸಾಕು.

ಮಾತೆಯರೇ, ನಿಮಗೂ ಒಂದು ಬಿನ್ನಹ. ನಿಮ್ಮ ದುಡಿಮೆ ಕೀಳೆಂದು ಯಾರೂ ಹೇಳಿದರೂ ನಂಬಬೇಡಿರಿ. ಮನೆಯೊಳಗೆ ಬರುವುದನ್ನು ಅಳೆಯುವ ಲಕ್ಕಮ್ಮನ ಕೈಯನ್ನು ಬಿಡಬೇಡಿರಿ. ಹಾಗೆಯೇ ಸೊಸೆಯ ತಾಟಿಗೆ ಬಿಸಿ ರೊಟ್ಟಿ ಬಿದ್ದಿತೇ ಎಂದು ನೋಡುವ ಹೊಣೆಯೂ ಅತ್ತೆಯಾದವಳದೇ. ನೀವು ಉಂಡು ಉಣಿಸಿರಿ. ಪೂಜಿಸಿ ಪೂಜಿಸಲು ಕಲಿಸಿರಿ.

ಮುಂದೆ ಒಂದು ದಿನ ನಿಮ್ಮನ್ನು ನೆನೆಯುವ ಜನ, “ಆ ತಾಯಿ ಬಾಗಿಲಿಗೆ ಬಂದವರನ್ನು ಹಸಿದು ಕಳಿಸಲಿಲ್ಲ, ಆ ಮನೆಯವರು ಆ ತಾಯಿಯನ್ನೂ ಹಸಿದಿರಗೊಡಲಿಲ್ಲ” ಎಂದು ಹೇಳುವಂತಾಗಲಿ. ಆಗ ನಮ್ಮ ಮನೆಗಳು ಮಹಾಮನೆಗಳೆನಿಸುವುವು.